ದಫ್ತರ ಯಾರ ಮನೀದು?

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರಿನ ಇತಿಹಾಸ ಅಂದಕೂಡಲೇ ಕದಂಬರ ಗುಡಿ, ನವಾಬರ ಆಳ್ವಿಕೆ, ಅಬ್ಬಲೂರಿನ ಶಾಸನ ಅಂತಾರೆ. ನಾವು ಕೇಳಬೇಕಾದ ಇನ್ನೊಂದು ಇತಿಹಾಸವಿದೆ. ಹೊಲ ಯಾರದು, ಮನೆ ಯಾರದು, ಯಾರ ಚಾಕರಿ ಯಾರು ಮಾಡಬೇಕು ಎಂದು ಬರೆದಿಟ್ಟ ದಫ್ತರದ ಇತಿಹಾಸ ಅದು.

ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಉಳಿದ ಮೂರೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವು. ಅಲ್ಲಿ 1874ರ ವತನ ಕಾಯ್ದೆ ವಂಶಪಾರಂಪರ್ಯದ ಚಾಕರಿಗೆ ಸರ್ಕಾರಿ ಮುದ್ರೆ ಒತ್ತಿತು. ಲೆಕ್ಕ ಬರೆಯೋದು ಕುಲಕರ್ಣಿಗೆ; ಟಪಾಲು ಹೊತ್ತು ಓಡೋದು, ಡಂಗುರ ಸಾರೋದು ನಮ್ಮ ಕೇರಿಗೆ. ಅಕ್ಷರ ಕಲಿಯದವನಿಗೆ ಅವನ ಹೊಲದ ಬಗ್ಗೆ ಏನು ಬರೆದಿದೆ ಅಂತ ಓದಿ ಹೇಳುವವನೂ ಬರೆದವನೇ!

1951ರಲ್ಲಿ ಕುಲಕರ್ಣಿ ವತನ ಹೋಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು, ಕೆಳಗಿನ ಚಾಕರಿಯವರ ಹೊಲಗಳನ್ನು ಅವರಿಗೇ ಮರುಮಂಜೂರು ಮಾಡುವ ದಾರಿ ತೆರೆಯಿತು. ದಲಿತರಿಂದ ಕೈಬಿಟ್ಟ ಮಂಜೂರಾತಿ ಭೂಮಿಯನ್ನು ವಾಪಸು ಕೊಡಿಸಲು 1978ರ ಪಿಟಿಸಿಎಲ್ ಕಾಯ್ದೆ ಬಂತು. ಆದರೆ ಎರಡಕ್ಕೂ ಮೊದಲು ಬೇಕಾದ್ದು ಕಾಗದ. ಕಾಗದ ಕೇಳಿದರೆ, "ಹಳೇ ರಿಕಾರ್ಡ ಸಿಗವಲ್ದು, ನಾಳೆ ಬರ್ರಿ." ಆ ನಾಳೆಯಲ್ಲೇ ತಲೆಮಾರು ಕಳೆದವು.

ಕಾಗದ ಸುಳ್ಳನ್ನೂ ಹೇಳುತ್ತದೆ. 1970ರ ದಶಕದ ಮೊದಲಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಕಾಗದದ ಮೇಲೆ ಆ ಕೆಲಸ ಮುಗಿದಿತ್ತು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು, ದಶಕಗಳಿಂದ ಬದುಕಿದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆ ಎದುರು ಮಲವನ್ನು ಮೈಮೇಲೆ ಸುರಿದುಕೊಂಡರು. ದಫ್ತರದಲ್ಲಿ ಇಲ್ಲದವರು ತಾವು ಇದ್ದೇವೆ ಎಂದು ಸಾಬೀತು ಮಾಡಬೇಕಾದ ರೀತಿ ಇದು. 2013ರ ಕಾಯ್ದೆ ಇಂಥವರ ಸಮೀಕ್ಷೆ ಮಾಡಿ ಪಟ್ಟಿ ಪ್ರಕಟಿಸುವ ಹೊಣೆಯನ್ನು ಪುರಸಭೆಗಳ ಮೇಲೇ ಹೊರಿಸಿತು.

2005ರ ಮಾಹಿತಿ ಹಕ್ಕು ಕಾಯ್ದೆ ದಫ್ತರದ ಗಂಟು ಬಿಚ್ಚಿಸಿತು. ಕಡತಗಳನ್ನು ಪಟ್ಟಿಮಾಡಿ ಜೋಡಿಸಿಡುವುದು ಕಚೇರಿಯ ಕರ್ತವ್ಯ ಎಂದು ಅದರ 4ನೇ ಕಲಮು ಹೇಳುತ್ತದೆ. ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವಿಲ್ಲ.

ಈಗ ಗಂಟಿಗೆ ಹೊಸ ಹಗ್ಗ ಬಂದಿದೆ. ಮೊದಲು 8(1)(ಜೆ) ಕಲಮಿನಲ್ಲಿ, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಮಾಹಿತಿಗೆ ಮಾತ್ರ ತಡೆ ಇತ್ತು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಆ ಷರತ್ತನ್ನೇ ಕಿತ್ತುಹಾಕಿತು. 2025ರ ನವೆಂಬರಿನಲ್ಲಿ ಅದು ಜಾರಿಗೆ ಬಂತು. ವೈಯಕ್ತಿಕ ಅಂದರೆ ಸಾಕು, ಬಾಗಿಲು ಹಾಕಬಹುದು.

ಖಾಸಗಿತನ ನಮಗೂ ಬೇಕು. ಅದು ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಪೌರಕಾರ್ಮಿಕಳ ರೋಗ, ಅವಳ ಬ್ಯಾಂಕ್ ನಂಬರು ಊರ ಗೋಡೆಗೆ ಬೇಡ. ಆದರೆ ಅವಳ ಹೆಸರಿನಲ್ಲಿ ಬಂದ ಗ್ರ್ಯಾಂಟು ಎಲ್ಲಿ ಹೋಯಿತು, ನಿವೇಶನ ಯಾರಿಗೆ ಹೋಯಿತು ಅನ್ನೋದು ಯಾರ ಖಾಸಗಿ? ಬಡವರ ಮಾನ ಕಾಯುವ ಹೆಸರಲ್ಲಿ ಕದ್ದವರ ಮಾನ ಕಾಯುವುದು ನ್ಯಾಯವಲ್ಲ.

8(2) ಕಲಮು ಇನ್ನೂ ಉಳಿದಿದೆ: ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಮಾಸ್ತರರೇ, ಗೆಳೆಯರೇ, ಅರ್ಜಿ ಬರೆಯುವಾಗ ಅದನ್ನು ಹೆಸರಿಸಿ ಬರೀರಿ. ಕೇರಿಯ ಹುಡುಗರಿಗೆ ಪಹಣಿ ಓದೋದು ಕಲಿಸ್ರಿ. ಬರೆದವನೇ ಓದಿ ಹೇಳುವ ಕಾಲ ಮತ್ತೆ ಬರಬಾರದು.