ಅರಸೀಕೆರೆ ತಾಲ್ಲೂಕಿನ ರಾಷ್ಟ್ರೀಯ ಹೆದ್ದಾರಿಗಳು

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ರಾಷ್ಟ್ರೀಯ ಹೆದ್ದಾರಿ 73 ಮತ್ತು ರಾಷ್ಟ್ರೀಯ ಹೆದ್ದಾರಿ 69 ಹಾದುಹೋಗುತ್ತವೆ. ಇವೆರಡೂ ಹೋಬಳಿ ಕೇಂದ್ರವಾದ ಬಾಣಾವರದಲ್ಲಿ ಸಂಧಿಸುತ್ತವೆ. 2010ರ ಮರುಸಂಖ್ಯೆಗೆ ಮೊದಲು ಇದೇ ರಸ್ತೆಗಳಿಗೆ 206 ಮತ್ತು 234 ಎಂಬ ಸಂಖ್ಯೆಗಳಿದ್ದವು. ಆಗ ಸಂಖ್ಯೆಗಳು ಮಾತ್ರವಲ್ಲದೆ ಮಾರ್ಗಗಳ ಜೋಡಣೆಯೂ ಬದಲಾಯಿತು. ಆದ್ದರಿಂದ ಹಳೆಯ ಒಂದು ಸಂಖ್ಯೆಗೆ ಹೊಸ ಒಂದು ಸಂಖ್ಯೆಯನ್ನು ನೇರವಾಗಿ ಹೊಂದಿಸಲು ಇಲ್ಲಿ ಬರುವುದಿಲ್ಲ. ದಾರಿಫಲಕ, ಹಳೆಯ ನಕ್ಷೆ ಮತ್ತು ಸರ್ಕಾರಿ ಕಡತಗಳನ್ನು ಒಟ್ಟಿಗೆ ಓದುವವರಿಗೆ ಉಂಟಾಗುವ ಗೊಂದಲಕ್ಕೆ ಇದೇ ಮುಖ್ಯ ಕಾರಣ.

ಹಳೆಯ ಮಾರ್ಗಗಳು

ಹಳೆಯ ರಾಷ್ಟ್ರೀಯ ಹೆದ್ದಾರಿ 206 ತುಮಕೂರಿನಿಂದ ಹೊರಟು ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ ಮತ್ತು ಸಾಗರದ ಮೂಲಕ ಹೊನ್ನಾವರವನ್ನು ಸೇರುತ್ತಿತ್ತು. ಬೆಂಗಳೂರು–ಹೊನ್ನಾವರ ರಸ್ತೆ ಎಂಬ ಹೆಸರಿನ ಸಂಕ್ಷೇಪವಾದ ‘ಬಿ.ಎಚ್. ರಸ್ತೆ’ ಎಂಬುದು ಅರಸೀಕೆರೆ, ತಿಪಟೂರು, ತುಮಕೂರು, ಶಿವಮೊಗ್ಗ ಮೊದಲಾದ ಊರುಗಳ ಮುಖ್ಯ ಬೀದಿಯ ಹೆಸರಾಗಿ ಇಂದಿಗೂ ಉಳಿದಿದೆ.

ಹಳೆಯ ರಾಷ್ಟ್ರೀಯ ಹೆದ್ದಾರಿ 234 ಮಂಗಳೂರಿನಿಂದ ಬೆಳ್ತಂಗಡಿ, ಚಾರ್ಮಾಡಿ ಘಾಟಿ, ಮೂಡಿಗೆರೆ, ಬೇಲೂರು, ಹಳೇಬೀಡು ಮತ್ತು ಜಾವಗಲ್ ಮಾರ್ಗವಾಗಿ ಬಾಣಾವರಕ್ಕೆ ಬರುತ್ತಿತ್ತು. ಅಲ್ಲಿಂದ ಹುಳಿಯಾರು, ಶಿರಾ, ಮಧುಗಿರಿ, ಚಿಂತಾಮಣಿಗಳನ್ನು ಹಾದು ತಮಿಳುನಾಡಿನ ವಿಲ್ಲುಪುರಂ ವರೆಗೆ ಸಾಗುತ್ತಿತ್ತು. ಹೀಗೆ ಎರಡು ಹೆದ್ದಾರಿಗಳು ಬಾಣಾವರದಲ್ಲಿ ಒಂದನ್ನೊಂದು ಅಡ್ಡಹಾಯುತ್ತಿದ್ದವು. ಇದು ಅರಸೀಕೆರೆಯಿಂದ ಸುಮಾರು 15 ಕಿ.ಮೀ. ದೂರದಲ್ಲಿದೆ.

2010ರ ಮರುಸಂಖ್ಯೆ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2010ರ ಏಪ್ರಿಲ್ 28ರಂದು ಹೊಸ ಸಂಖ್ಯಾಪದ್ಧತಿಯನ್ನು ಪ್ರಕಟಿಸಿತು. ಇದರ ಮುಖ್ಯ ನಿಯಮಗಳು ಹೀಗಿವೆ:

• ಉತ್ತರ–ದಕ್ಷಿಣವಾಗಿ ಸಾಗುವ ಹೆದ್ದಾರಿಗಳಿಗೆ ಸಮಸಂಖ್ಯೆ. ಇವು ಪೂರ್ವದಿಂದ ಪಶ್ಚಿಮಕ್ಕೆ ಏರುತ್ತವೆ.
• ಪೂರ್ವ–ಪಶ್ಚಿಮವಾಗಿ ಸಾಗುವ ಹೆದ್ದಾರಿಗಳಿಗೆ ಬೆಸಸಂಖ್ಯೆ. ಇವು ಉತ್ತರದಿಂದ ದಕ್ಷಿಣಕ್ಕೆ ಏರುತ್ತವೆ.
• ಕವಲು ಹೆದ್ದಾರಿಗಳಿಗೆ ಮೂರಂಕಿಯ ಸಂಖ್ಯೆ. ಕೊನೆಯ ಎರಡು ಅಂಕಿಗಳು ಮೂಲ ಹೆದ್ದಾರಿಯನ್ನು ಸೂಚಿಸುತ್ತವೆ.

ಈ ಪ್ರಕಾರ ಅರಸೀಕೆರೆ ಸೀಮೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ 69, 73 ಮತ್ತು ಹಾಸನದ ಮೇಲೆ ಹಾದುಹೋಗುವ 75 ಕ್ರಮವಾಗಿ ಬರುತ್ತವೆ. ಮೂಡಿಗೆರೆಯಿಂದ ಚಿಕ್ಕಮಗಳೂರು, ಕಡೂರು ಕಡೆಗೆ ಹೋಗುವ 173 ಹಾಗೂ ಬೇಲೂರಿನಿಂದ ಹಾಸನದ ಮೂಲಕ ಬಿಳಿಕೆರೆಗೆ ಹೋಗುವ 373 ಇವೆರಡೂ 73ರ ಕವಲುಗಳು.

ಬಾಣಾವರದಲ್ಲಿ ಆದ ಬದಲಾವಣೆ

ಹೊಸ ಪದ್ಧತಿಯಲ್ಲಿ ಬಾಣಾವರದಿಂದ ಹೊರಡುವ ನಾಲ್ಕು ದಾರಿಗಳು ಹೀಗೆ ಹಂಚಿಹೋದವು:

• ಅರಸೀಕೆರೆ, ತಿಪಟೂರು, ತುಮಕೂರು ಕಡೆಗೆ – ಹಿಂದೆ 206, ಈಗ 73
• ಕಡೂರು, ಶಿವಮೊಗ್ಗ, ಹೊನ್ನಾವರ ಕಡೆಗೆ – ಹಿಂದೆ 206, ಈಗ 69
• ಜಾವಗಲ್, ಹಳೇಬೀಡು, ಬೇಲೂರು, ಮಂಗಳೂರು ಕಡೆಗೆ – ಹಿಂದೆ 234, ಈಗ 73
• ಹುಳಿಯಾರು, ಶಿರಾ ಕಡೆಗೆ – ಹಿಂದೆ 234, ಈಗ 69

ಮೊದಲು ಎರಡೂ ಹೆದ್ದಾರಿಗಳು ಬಾಣಾವರದಲ್ಲಿ ನೇರವಾಗಿ ಮುಂದುವರಿಯುತ್ತಿದ್ದವು. ಈಗ ಎರಡೂ ತಿರುಗುತ್ತವೆ. ಹಿಂದೆ ಅರಸೀಕೆರೆಯಿಂದ 206ನ್ನು ಹಿಡಿದವರು ಅದೇ ಸಂಖ್ಯೆಯಲ್ಲಿ ಶಿವಮೊಗ್ಗವನ್ನು ತಲುಪುತ್ತಿದ್ದರು. ಈಗ 73ನ್ನೇ ನಂಬಿ ಹೋದವರು ಬಾಣಾವರದಲ್ಲಿ ಎಡಕ್ಕೆ ತಿರುಗಿ ಹಳೇಬೀಡನ್ನು ಸೇರುತ್ತಾರೆ. ಶಿವಮೊಗ್ಗಕ್ಕೆ ಹೋಗಬೇಕಾದವರು ನೇರವಾಗಿ ಮುಂದೆ ಸಾಗಿ 69ಕ್ಕೆ ಬದಲಾಗಬೇಕು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್ 18ರಂದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತುಮಕೂರು ಕಡೆಯಿಂದ ಈ ಮಾರ್ಗವಾಗಿ ಹಳೇಬೀಡಿಗೆ ಬರುವ ಪ್ರವಾಸಿಗರಿಗೆ ಮಾತ್ರ ಹೊಸ ಜೋಡಣೆ ಅನುಕೂಲಕರ. ಒಂದೇ ಸಂಖ್ಯೆಯನ್ನು ಅನುಸರಿಸಿದರೆ ಸಾಕು.

ಒಂದೇ ಸಂಖ್ಯೆ, ಬೇರೆ ರಸ್ತೆ

ಬಿಟ್ಟುಹೋದ ಸಂಖ್ಯೆಗಳು ಬೇರೆಡೆ ಮತ್ತೆ ಬಳಕೆಗೆ ಬಂದಿವೆ. ಈಗಿನ 206 ಮೇಘಾಲಯದಲ್ಲಿರುವ, 6ನೆಯ ಹೆದ್ದಾರಿಯ ಕವಲು. 2010ಕ್ಕೆ ಮೊದಲು 73 ಎಂಬುದು ಉತ್ತರ ಭಾರತದ ರೂರ್ಕಿ–ಪಂಚಕುಲ ಮಾರ್ಗದ ಸಂಖ್ಯೆಯಾಗಿತ್ತು. 69 ಎಂಬುದು ನಾಗಪುರದಿಂದ ಭೋಪಾಲ್ ಕಡೆಗಿನ ಹೆದ್ದಾರಿಯಾಗಿತ್ತು. ಹಾಸನ ಜಿಲ್ಲೆಯವರು 48 ಎಂದು ಕರೆಯುತ್ತಿದ್ದ ಬೆಂಗಳೂರು–ಮಂಗಳೂರು ಹೆದ್ದಾರಿ ಈಗ 75 ಆಗಿದೆ. 48 ಎಂಬುದು ತುಮಕೂರಿನ ಮೇಲೆ ಹೋಗುವ ದೆಹಲಿ–ಚೆನ್ನೈ ಹೆದ್ದಾರಿಗೆ ಸಂದಿದೆ. ಆದ್ದರಿಂದ ಹಳೆಯ ಪಠ್ಯಪುಸ್ತಕ ಅಥವಾ ನಕ್ಷೆಯನ್ನು ಬಳಸುವ ವಿದ್ಯಾರ್ಥಿಗಳು ಅದರ ಪ್ರಕಟಣೆಯ ವರ್ಷವನ್ನು ಮೊದಲು ಗಮನಿಸುವುದು ಅಗತ್ಯ.

ಊರುಗಳ ಹೆಸರಿನಲ್ಲೂ ಇಂತಹದೇ ಬದಲಾವಣೆಯಾಯಿತು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳ ಇಂಗ್ಲಿಷ್ ರೂಪಗಳನ್ನು ಕನ್ನಡದ ಉಚ್ಚಾರಣೆಗೆ ಅನುಗುಣವಾಗಿ ತಿದ್ದಲಾಯಿತು. ತುಮಕೂರು, ಶಿವಮೊಗ್ಗ, ಚಿಕ್ಕಮಗಳೂರು, ಮಂಗಳೂರು ಇವುಗಳಲ್ಲಿ ಸೇರಿವೆ. ಫಲಕದ ಕನ್ನಡ ಸಾಲನ್ನು ಓದುವವರಿಗೆ ಇದರಿಂದ ತೊಡಕಾಗಲಿಲ್ಲ.

ಹೆದ್ದಾರಿಯ ಅಧಿಕೃತ ಅಂತ್ಯ

ಹೆದ್ದಾರಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನಿರ್ಧರಿಸುವುದು ರಸ್ತೆಬದಿಯ ಫಲಕವಲ್ಲ. 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಯ ಅನುಸೂಚಿ. ಅದರಲ್ಲಿ ಪ್ರತಿ ಹೆದ್ದಾರಿಯ ಆರಂಭದ ಕೂಡುರಸ್ತೆ, ನಡುವಿನ ಊರುಗಳು ಮತ್ತು ಅಂತ್ಯದ ಕೂಡುರಸ್ತೆಯನ್ನು ಹೆಸರಿಸಲಾಗುತ್ತದೆ. ಅದರಂತೆ 73 ಮಂಗಳೂರಿನ ಬಳಿ 66ನೆಯ ಹೆದ್ದಾರಿಯಿಂದ ಆರಂಭವಾಗಿ, ತುಮಕೂರಿನ ಬಳಿ 48ನೆಯ ಹೆದ್ದಾರಿಯಲ್ಲಿ ಕೊನೆಗೊಳ್ಳುತ್ತದೆ. ಬಾಣಾವರದಲ್ಲಿ ಇಂದಿನ ಯಾವ ಹೆದ್ದಾರಿಯೂ ಮುಗಿಯುವುದಿಲ್ಲ.

ಜನರ ಮಾತಿಗೂ ಅನುಸೂಚಿಗೂ ಇರುವ ಅಂತರಕ್ಕೆ 75ನೆಯ ಹೆದ್ದಾರಿ ಉತ್ತಮ ನಿದರ್ಶನ. ಅದನ್ನು ಬೆಂಗಳೂರು–ಮಂಗಳೂರು ಹೆದ್ದಾರಿ ಎಂದೇ ಕರೆಯುತ್ತಾರೆ. ಆದರೆ ಅದರ ಪಶ್ಚಿಮದ ಕೊನೆ ಇರುವುದು ಬಂಟ್ವಾಳದ ಬಳಿ. ಅಲ್ಲಿಂದ ಮಂಗಳೂರಿನವರೆಗಿನ ರಸ್ತೆ 73ಕ್ಕೆ ಸೇರಿದೆ.

ಕಿಲೋಮೀಟರ್ ಕಲ್ಲುಗಳು

ರಾಷ್ಟ್ರೀಯ ಹೆದ್ದಾರಿಯ ಕಲ್ಲಿನ ತಲೆಗೆ ಹಳದಿ ಬಣ್ಣ, ರಾಜ್ಯ ಹೆದ್ದಾರಿಯ ಕಲ್ಲಿಗೆ ಹಸಿರು ಬಣ್ಣ ಬಳಿಯುವುದು ವಾಡಿಕೆ. ರಸ್ತೆಯ ಎಣಿಕೆ ಯಾವ ತುದಿಯಿಂದ ಆರಂಭವಾಗಿದೆ ಎಂಬುದು ಮಾತ್ರ ಬಣ್ಣದಿಂದ ತಿಳಿಯುವುದಿಲ್ಲ. ಹೊಸ ವಿವರಣೆಯಲ್ಲಿ 73ರ ಆರಂಭ ಮಂಗಳೂರು. ಆದರೆ ತುಮಕೂರು–ಶಿವಮೊಗ್ಗ ಚತುಷ್ಪಥ ಕಾಮಗಾರಿಯ ದಾಖಲೆಗಳು ಮರುಸಂಖ್ಯೆಯ ನಂತರವೂ 206 ಎಂಬ ಹೆಸರನ್ನೇ ಬಳಸಿ, ದೂರವನ್ನು ತುಮಕೂರಿನಿಂದ ಎಣಿಸಿವೆ. ನಾಲ್ಕು ಹಂತಗಳ ಆ ಕಾಮಗಾರಿಯಲ್ಲಿ ಎರಡನೆಯದು ಕರಡಿ ಗ್ರಾಮದಿಂದ ಬಾಣಾವರದವರೆಗಿನದು. ಮೂರನೆಯದು ಬಾಣಾವರದಿಂದ ಮುಂದಿನದು.

ಸಾರ್ವಜನಿಕರ ಮೇಲೆ ಪರಿಣಾಮ

ಹೆದ್ದಾರಿಗಾಗಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಉದ್ದೇಶವನ್ನು ಕಾಯಿದೆಯ 3ಎ ಕಲಮಿನಡಿ ಅಧಿಸೂಚನೆಯ ಮೂಲಕ ಪ್ರಕಟಿಸಲಾಗುತ್ತದೆ. ಪ್ರಕಟಣೆಯ ದಿನದಿಂದ 21 ದಿನಗಳೊಳಗೆ ಜಮೀನಿನಲ್ಲಿ ಹಿತಾಸಕ್ತಿ ಉಳ್ಳವರು 3ಸಿ ಕಲಮಿನಡಿ ಆಕ್ಷೇಪಣೆ ಸಲ್ಲಿಸಬಹುದು. ತಮ್ಮ ಊರಿನ ರಸ್ತೆಯನ್ನು 73 ಎಂದು ತಿಳಿದ ರೈತರು 206ರ ಹೆಸರಿನ ಅಧಿಸೂಚನೆಯನ್ನು ತಮಗೆ ಸಂಬಂಧಿಸಿದ್ದಲ್ಲವೆಂದು ಬಿಟ್ಟರೆ ಈ ಅವಧಿ ಕಳೆದುಹೋಗುತ್ತದೆ. ಆದ್ದರಿಂದ ಸಂಖ್ಯೆಗಿಂತ ಗ್ರಾಮದ ಹೆಸರು ಮತ್ತು ಸರ್ವೆ ನಂಬರನ್ನು ನೋಡುವುದು ಕ್ಷೇಮ.

ಅಪಘಾತದ ಸಮಯದಲ್ಲಿ 108 ಆಂಬ್ಯುಲೆನ್ಸ್ ಅಥವಾ 1033 ಹೆದ್ದಾರಿ ಸಹಾಯವಾಣಿಗೆ ಕರೆ ಮಾಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಹೆದ್ದಾರಿಯ ಸಂಖ್ಯೆಯೊಂದನ್ನೇ ಹೇಳಿದರೆ ಸ್ಥಳ ಖಚಿತವಾಗುವುದಿಲ್ಲ. ಹತ್ತಿರದ ಊರು, ಕಿಲೋಮೀಟರ್ ಕಲ್ಲಿನ ಅಂಕಿ ಮತ್ತು ವಾಹನ ಯಾವ ಊರಿನ ಕಡೆಗೆ ಸಾಗುತ್ತಿತ್ತು ಎಂಬುದನ್ನೂ ತಿಳಿಸಬೇಕಾಗುತ್ತದೆ.

ಇವನ್ನೂ ನೋಡಿ

• ಅರಸೀಕೆರೆ
• ಬಾಣಾವರ
• ಚಾರ್ಮಾಡಿ ಘಾಟಿ
• ಹಳೇಬೀಡು