ಪ್ರಾಥಮಿಕ ಆರೈಕೆಯಲ್ಲಿ ಉಬ್ಬಸದ ನಿರ್ವಹಣೆ: ಪಾಲಮಲೆ ಸೀಮೆ

ಉಬ್ಬಸ ಅಥವಾ ಆಸ್ತಮಾ ಶ್ವಾಸನಾಳಗಳ ಒಳಪದರದ ದೀರ್ಘಕಾಲದ ಉರಿಯೂತ. ಧೂಳು, ಹೊಗೆ, ನೆಗಡಿ, ತಂಪುಗಾಳಿ ತಾಗಿದಾಗ ಈ ನಾಳಗಳು ಬಿಗಿದುಕೊಂಡು ಕೆಮ್ಮು, ಏದುಸಿರು, ಎದೆಯಲ್ಲಿ ಸುಯ್ಯೆನ್ನುವ ಸದ್ದು ಕಾಣಿಸಿಕೊಳ್ಳುತ್ತವೆ. ದಮ್ಮು ಇಳಿದ ಮೇಲೂ ಉರಿಯೂತ ಉಳಿದಿರುತ್ತದೆ. ಆದ್ದರಿಂದ ನಿಜವಾದ ಚಿಕಿತ್ಸೆ ನಡೆಯಬೇಕಾದದ್ದು ರೋಗಿ ಚೆನ್ನಾಗಿರುವ ದಿನಗಳಲ್ಲಿ. ಸೇಲಂ ಜಿಲ್ಲೆಯ ಮೆಟ್ಟೂರು ತಾಲ್ಲೂಕಿನ ಪಾಲಮಲೆಯಿಂದ ಧರ್ಮಪುರಿ ಜಿಲ್ಲೆಯ ಪೆನ್ನಾಗರದವರೆಗಿನ ಗುಡ್ಡಗಾಡಿನಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ. ಸೇಲಂ, ಧರ್ಮಪುರಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆದರೆ ತಿಂಗಳು ತಿಂಗಳೂ ನೋಡಿಕೊಳ್ಳಬೇಕಾದ ಕಾಯಿಲೆಗೆ ಬೆಟ್ಟದವರ ಕೈಗೆ ಎಟಕುವುದು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಉಪಕೇಂದ್ರ. ಉಬ್ಬಸ ಹತೋಟಿಗೆ ಬರುವುದೂ ತಪ್ಪುವುದೂ ಅಲ್ಲಿಯೇ.

ಜಗತ್ತಿನ ಉಬ್ಬಸ ರೋಗಿಗಳಲ್ಲಿ ಭಾರತದವರು ಸುಮಾರು ಶೇ 13; ಉಬ್ಬಸದ ಸಾವುಗಳಲ್ಲಿ ಮಾತ್ರ ಭಾರತದ ಪಾಲು ಶೇ 40ಕ್ಕೂ ಹೆಚ್ಚೆಂದು ಜಾಗತಿಕ ರೋಗಹೊರೆಯ ಅಂದಾಜುಗಳು ಹೇಳುತ್ತವೆ. ಈ ಅಂತರವನ್ನು ಕಾಯಿಲೆಯ ಉಗ್ರತೆಗಿಂತ ಆರೈಕೆಯ ಕ್ರಮ ಹೆಚ್ಚು ವಿವರಿಸುತ್ತದೆ. ಉಸಿರು ಕಟ್ಟಿದಾಗ ಒಂದು ಇಂಜೆಕ್ಷನ್, ನೆಬ್ಯುಲೈಸರ್, ನಾಲ್ಕು ದಿನದ ಮಾತ್ರೆ, ಆಮೇಲೆ ಮುಂದಿನ ದಮ್ಮಿನವರೆಗೆ ಏನೂ ಇಲ್ಲ ಎಂಬ ರೂಢಿ ನಾಳವನ್ನು ಹಿಗ್ಗಿಸುತ್ತದೆಯೇ ಹೊರತು ಉರಿಯೂತವನ್ನು ಮುಟ್ಟುವುದಿಲ್ಲ. ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯದ ದಾಖಲೆಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಿಂದಿನ ವರ್ಷ ಬಳಸಿದ, ಉರಿಯೂತ ತಗ್ಗಿಸುವ ಪ್ರತಿಯೊಂದು ಹೆಚ್ಚುವರಿ ಸ್ಟೀರಾಯ್ಡ್ ಇನ್‌ಹೇಲರಿಗೆ ಉಬ್ಬಸದ ಸಾವಿನ ಪ್ರಮಾಣ ಶೇ 21ರಷ್ಟು ಇಳಿದಿತ್ತು. 1994ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದ ಫಿನ್ಲೆಂಡ್, ಊರಿನ ವೈದ್ಯರು, ದಾದಿಯರು, ಔಷಧ ಅಂಗಡಿಯವರನ್ನೇ ತರಬೇತುಗೊಳಿಸಿ ಹತ್ತು ವರ್ಷಗಳಲ್ಲಿ ಉಬ್ಬಸದ ಆಸ್ಪತ್ರೆವಾಸವನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸಿತು. ನಾಳ ಹಿಗ್ಗಿಸುವ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳುವುದನ್ನು ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಜಾಗತಿಕ ಮಾರ್ಗಸೂಚಿ 'ಗಿನಾ' 2019ರಲ್ಲಿ ಕೈಬಿಟ್ಟಿತು.

ಇಂಥ ನಿರಂತರ ಆರೈಕೆಗೆ ಬೇಕಾದ ವ್ಯವಸ್ಥೆಯ ಬಹುಪಾಲು ತಮಿಳುನಾಡಿನಲ್ಲಿ ಆಗಲೇ ಇದೆ. 2021ರ ಆಗಸ್ಟ್ 5ರಂದು ನೆರೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ ಬಿಪಿ, ಶುಗರ್ ಇರುವವರ ಮನೆಬಾಗಿಲಿಗೇ ಮಾತ್ರೆ ತಲುಪಿಸುತ್ತದೆ. ಕೇಂದ್ರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದ 2023ರ ಮಾರ್ಗಸೂಚಿಯಲ್ಲಿ ಉಬ್ಬಸವೂ ಸೇರಿದೆ. ಉಬ್ಬಸವನ್ನೂ ಬಿಪಿಯಂತೆ ಪಟ್ಟಿಯಿಟ್ಟು ನೋಡುವ ಕಾಯಿಲೆಯಾಗಿ ಮಾಡುವುದಷ್ಟೇ ಉಳಿದಿರುವ ಹೆಜ್ಜೆ: ರೋಗಿಗಳ ದಾಖಲೆ ಪುಸ್ತಕ, ತಪ್ಪದೆ ಸಿಗುವ ಸ್ಟೀರಾಯ್ಡ್ ಇನ್‌ಹೇಲರ್, ಪ್ರತಿ ಭೇಟಿಯಲ್ಲೂ ಅದನ್ನು ಎಳೆದು ತೋರಿಸಲು ಹೇಳಿ ತಿದ್ದುವುದು, ದಮ್ಮು ಹೆಚ್ಚಿದರೆ ಏನು ಮಾಡಬೇಕೆಂದು ರೋಗಿಗೆ ಬರುವ ಭಾಷೆಯಲ್ಲಿ ಬರೆದ ಚೀಟಿ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಕಲಿತವರಿರುವ ಊರುಗಳಲ್ಲಿ ಈ ಚೀಟಿಯನ್ನು ಓದಿಹೇಳಿ, ಮನೆಯವರಿಂದ ಮತ್ತೆ ಹೇಳಿಸಿಕೊಳ್ಳುವುದು ಅಗತ್ಯ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಉಸಿರಾಟವನ್ನು ಅಳೆಯುವ ಸ್ಪೈರೋಮೀಟರ್ ಯಂತ್ರ ಇಲ್ಲದ ಕಡೆ ಉಬ್ಬಸವನ್ನು ಗುರುತಿಸುವುದು ಹೇಗೆ ಎಂಬುದು ಮೊದಲನೆಯದು. ಕ್ಷಯ, ಸೌದೆ ಒಲೆಯ ಹೊಗೆಯಿಂದ ಬರುವ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ, ಹೃದಯದ ತೊಂದರೆ ಎಲ್ಲವೂ ಏದುಸಿರು ತರುವುದರಿಂದ ಈ ಅಳುಕು ನ್ಯಾಯವಾದದ್ದೇ. ಆದರೆ ಬಾಯಿಂದ ಊದುವ ಸಣ್ಣ ಪೀಕ್ ಫ್ಲೋ ಮೀಟರಿನಲ್ಲಿ, ಸಾಲ್ಬುಟಮಾಲ್ ಕೊಟ್ಟ ಸ್ವಲ್ಪ ಹೊತ್ತಿಗೆ ಅಳತೆ ಶೇ 20 ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಉಬ್ಬಸಕ್ಕೆ ಒಳ್ಳೆಯ ಪುರಾವೆ ಸಿಕ್ಕಂತೆ. ಕಫ ಪರೀಕ್ಷೆ ಕ್ಷಯವನ್ನು ಹುಡುಕುತ್ತದೆ. ಸಂದೇಹ ಉಳಿದವರನ್ನಷ್ಟೇ ದೊಡ್ಡಾಸ್ಪತ್ರೆಗೆ ಕಳಿಸಿದರೆ ಸಾಕು. ಎರಡನೆಯದು ಸ್ಟೀರಾಯ್ಡ್ ಎಂಬ ಭಯ, ಇನ್‌ಹೇಲರ್ ಚಟವಾಗುತ್ತದೆಂಬ ನಂಬಿಕೆ. ಇಲ್ಲಿ ಲೆಕ್ಕವೇ ಉತ್ತರ ಕೊಡುತ್ತದೆ. ದಮ್ಮು ಕೆರಳಿದಾಗ ದಿನಕ್ಕೆ 40 ಮಿಲಿಗ್ರಾಂನಂತೆ ಐದು ದಿನ ನುಂಗುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಒಟ್ಟು 200 ಮಿಲಿಗ್ರಾಂ. ದಿನಕ್ಕೆ 200 ಮೈಕ್ರೋಗ್ರಾಂ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಎಳೆದುಕೊಳ್ಳುವವರು ತೂಕದಲ್ಲಿ ಅಷ್ಟನ್ನು ಮುಟ್ಟಲು ಸಾವಿರ ದಿನ ಬೇಕು. ಎರಡು ಔಷಧಗಳ ಬಲ ಒಂದೇ ಅಲ್ಲ ಎಂಬುದು ನಿಜ. ಆದರೂ ಎಳೆದುಕೊಂಡದ್ದು ಬಹುಮಟ್ಟಿಗೆ ಶ್ವಾಸನಾಳದಲ್ಲೇ ಕೆಲಸ ಮಾಡುತ್ತದೆ, ನುಂಗಿದ್ದು ಮೈಯೆಲ್ಲ ಹರಡುತ್ತದೆ. ಮೂರನೆಯದು ಖರ್ಚು. ಇನ್‌ಹೇಲರ್ ಮಾತ್ರೆಗಿಂತ ದುಬಾರಿ. ಆದರೆ ಬೆಟ್ಟದಿಂದ ರಾತ್ರಿ ಬಾಡಿಗೆ ಗಾಡಿ, ಕಳೆದುಹೋದ ಕೂಲಿ, ಆಸ್ಪತ್ರೆವಾಸ ಇವು ಔಷಧದ ಬಿಲ್ಲಿನಲ್ಲಿ ಕಾಣದ ಖರ್ಚುಗಳು. ಔಷಧ ಎಳೆದುಕೊಳ್ಳಲು ಇನ್‌ಹೇಲರಿಗೆ ಜೋಡಿಸುವ ಸ್ಪೇಸರಿಗೂ ದುಡ್ಡು ಸುರಿಯಬೇಕಿಲ್ಲ: 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ್ದು, ದಮ್ಮಿನಿಂದ ಬಳಲುವ ಮಕ್ಕಳಲ್ಲಿ ಕೊಂಡ ಸ್ಪೇಸರಿನಷ್ಟೇ ಕೆಲಸ ಮಾಡಬಲ್ಲದೆಂದು ಕೇಪ್‌ಟೌನಿನ ವೈದ್ಯರು 1999ರಲ್ಲಿ ತೋರಿಸಿದ್ದಾರೆ.

ದಾದಿಯರಿಗೆ ಕೆಲಸ ಹೆಚ್ಚುತ್ತದೆ ಎಂಬ ಮಾತು ಮಾತ್ರ ತಳ್ಳಿಹಾಕುವಂಥದ್ದಲ್ಲ. ಬೆಟ್ಟದ ಸೀಮೆಯಲ್ಲಿ 3,000 ಜನಕ್ಕೊಂದು ಉಪಕೇಂದ್ರ ಎಂಬ ನಿಯಮವಿದ್ದರೂ ಮನೆ ಮನೆಗಳ ನಡುವಿನ ದೂರವನ್ನು ಆ ಸಂಖ್ಯೆ ಹೇಳುವುದಿಲ್ಲ. ಹೀಗಾಗಿ ಹೊಸ ಶಿಬಿರ ಹೂಡುವುದಕ್ಕಿಂತ, ಬಿಪಿ ಮಾತ್ರೆ ಹೊತ್ತು ಹೇಗಿದ್ದರೂ ಹೋಗುವವರ ಚೀಲಕ್ಕೆ ಇನ್‌ಹೇಲರನ್ನೂ ಸೇರಿಸುವುದು ಮೇಲು. ಸುಧಾರಣೆ ಆಗಿದೆಯೇ ಎಂದು ತಿಳಿಯಲು ಬೇರೆ ಸಮೀಕ್ಷೆಯೂ ಬೇಕಿಲ್ಲ. ಕೇಂದ್ರದ ಔಷಧ ದಾಸ್ತಾನು ಪುಸ್ತಕದಲ್ಲಿ ಸ್ಟೀರಾಯ್ಡ್ ಇನ್‌ಹೇಲರಿನ ಖರ್ಚು ಏರಿ, ನೆಬ್ಯುಲೈಸರಿನ ಸಾಲ್ಬುಟಮಾಲ್ ದ್ರಾವಣದ ಖರ್ಚು ಇಳಿಯುತ್ತ ಬಂದರೆ ಆರೈಕೆ ಸರಿದಾರಿಯಲ್ಲಿದೆ. ಎರಡನೆಯದೊಂದೇ ಏರುತ್ತಿದ್ದರೆ, ಕೇಂದ್ರ ಎಷ್ಟು ಜನರನ್ನು ನೋಡಿದರೂ, ಕಾಯಿಲೆ ಇದ್ದಲ್ಲೇ ಇದೆ.