ಕಾರು ಬಾರದ ಬೀದಿಗೆ ಗಿರಾಕಿ ಬಂದಾನೆಯೇ?

ಪೇಟೆಯ ಬೀದಿಯೊಂದಕ್ಕೆ ಮೋಟಾರು ವಾಹನಗಳನ್ನು ಬಿಡಬಾರದು ಎಂಬ ಮಾತು ಎಲ್ಲಿ ಎದ್ದರೂ ಮೊದಲು ಗಾಬರಿಯಾಗುವವರು ಅಂಗಡಿಕಾರರು. ಗಿರಾಕಿ ಕಾರಿನಲ್ಲಿ ಬರುತ್ತಾನೆ, ಕಾರು ನಿಲ್ಲಿಸಲು ಜಾಗ ಸಿಗದಿದ್ದರೆ ಮುಂದಿನ ಪೇಟೆಗೆ ಹೋಗುತ್ತಾನೆ, ಹಾಗೆ ಹೋದವನು ಮತ್ತೆ ಇತ್ತ ತಲೆ ಹಾಕುವುದಿಲ್ಲ ಎಂಬುದು ಅವರ ಲೆಕ್ಕ. ಇದನ್ನು ಬರೀ ಹಟವೆಂದು ತಳ್ಳಿಹಾಕುವಂತಿಲ್ಲ. ಅಂಗಡಿಯ ಬಾಡಿಗೆ, ಆಳುಗಳ ಸಂಬಳ, ಸಾಲದ ಬಡ್ಡಿ ಎಲ್ಲವೂ ಆ ಗಿರಾಕಿಯ ಜೇಬಿನಿಂದಲೇ ಹುಟ್ಟಬೇಕು. ಈ ಭಯದಲ್ಲಿ ನಿಜವೆಷ್ಟು, ಊಹೆಯೆಷ್ಟು ಎಂಬುದನ್ನು ವರ್ಷಗಟ್ಟಲೆ ಅಳೆದು ನೋಡುವ ಅವಕಾಶ ಕೊಟ್ಟ ಬೀದಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿದೆ. ಅದರ ಹೆಸರು ಸ್ಟ್ರೋಯೆಟ್.

ಈ ಹೆಸರಿನ ಬೀದಿ ನಗರದ ದಾಖಲೆಯಲ್ಲಿಲ್ಲ. ಪುರಭವನದ ಚೌಕದಿಂದ ಹೊರಟು, ಒಂದರ ಬಾಲಕ್ಕೆ ಇನ್ನೊಂದು ಸೇರಿದ ಹಳೆಯ ಬೀದಿಗಳು ಮತ್ತು ಚೌಕಗಳ ಮೂಲಕ ಹಾದು, ಕೊಂಗೆನ್ಸ್ ನ್ಯುಟೋರ್ವ್ ಎಂಬ ದೊಡ್ಡ ಚೌಕವನ್ನು ಮುಟ್ಟುವ ಸುಮಾರು 1.1 ಕಿಲೋಮೀಟರ್ ಉದ್ದದ ದಾರಿಗೆ ಊರಿನ ಜನ ಇಟ್ಟ ಹೆಸರು ಅದು. ನಡುವೆ ಸಿಗುವ ಅಮಾಗರ್‌ಟೋರ್ವ್‌ನಲ್ಲಿ ಹಿಂದೆ ಪಕ್ಕದ ಅಮಾಗರ್ ದ್ವೀಪದ ರೈತರು ತರಕಾರಿ ತಂದು ಮಾರುತ್ತಿದ್ದರು. ಬೀದಿಗಳ ಅಂಕುಡೊಂಕು ಮಧ್ಯಯುಗದ್ದು. ಎದುರುಬದುರಾಗಿ ಎರಡು ಗಾಡಿ ಸಾಗಿದರೆ ಮೂರನೆಯದಕ್ಕೆ ಎಡೆಯಿಲ್ಲದಂತಹ ಅಗಲ. ಎರಡನೆಯ ಮಹಾಯುದ್ಧ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಡೇನರು ಕಾರು ಕೊಂಡರು. ಕೊಂಡ ಕಾರುಗಳೆಲ್ಲ ಈ ಇಕ್ಕಟ್ಟಿನೊಳಗೇ ನುಗ್ಗಿದವು. ನಡೆಯುವವರು ಗೋಡೆಯ ಮಗ್ಗುಲಿನ ಕಿರಿದಾದ ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರು ಸಾಗಬೇಕಾಯಿತು.

ಕ್ರಿಸ್‌ಮಸ್ ಹೊತ್ತಿನಲ್ಲಿ ಜನದಟ್ಟಣೆ ಹೆಚ್ಚಾಗಿ ಒಂದೆರಡು ದಿನ ವಾಹನಗಳನ್ನು ತಡೆಯುವ ರೂಢಿ ಮೊದಲೇ ಇತ್ತು. ನಗರಾಡಳಿತದ ಮೇಯರ್‌ಗಳಲ್ಲಿ ಒಬ್ಬರಾಗಿದ್ದ ಆಲ್ಫ್ರೆಡ್ ವಸಾರ್ಡ್ ಈ ರೂಢಿಯನ್ನೇ ಹಿಗ್ಗಿಸಿದರು. 1962ರ ನವೆಂಬರ್ 17ರಂದು ಸ್ಟ್ರೋಯೆಟ್ ಪ್ರಾಯೋಗಿಕವಾಗಿ ಮೋಟಾರುಗಳಿಗೆ ಮುಚ್ಚಿತು.

‘ಪ್ರಾಯೋಗಿಕವಾಗಿ’ ಎಂಬ ಮಾತು ಯಾರ ಕೋಪವನ್ನೂ ತಣಿಸಲಿಲ್ಲ. ಕಾರಿಲ್ಲದೆ ಗಿರಾಕಿಯಿಲ್ಲ, ಗಿರಾಕಿಯಿಲ್ಲದೆ ವ್ಯಾಪಾರವಿಲ್ಲ ಎಂದು ಅಂಗಡಿಕಾರರು ಪಟ್ಟು ಹಿಡಿದರು. ಪತ್ರಿಕೆಗಳಲ್ಲಿ ಬೇರೊಂದು ವಾದ ಹುಟ್ಟಿತು. ಬೀದಿಯಲ್ಲಿ ಅಡ್ಡಾಡುವುದು, ಚೌಕದಲ್ಲಿ ಕುಳಿತು ಹರಟುವುದು ಬಿಸಿಲ ನಾಡಿನವರ ಚಾಳಿ. ನಾವು ಡೇನರು, ಇಟಲಿಯವರಲ್ಲ ಎಂಬುದೇ ಆ ವಾದ. ಚಳಿ, ಮಳೆ, ಮಧ್ಯಾಹ್ನಕ್ಕೇ ಕವಿಯುವ ಕತ್ತಲೆ, ಇಷ್ಟರ ನಡುವೆ ಯಾರು ಬೀದಿಯಲ್ಲಿ ಕುಳಿತಾರು ಎಂದು ಕೇಳಿದರು. ನವೆಂಬರ್ ತಿಂಗಳಲ್ಲಿ ಆರಂಭವಾದ ಪ್ರಯೋಗಕ್ಕೆ ಈ ಪ್ರಶ್ನೆ ಸಹಜವಾಗಿಯೇ ಇತ್ತು. ವಸಾರ್ಡರಿಗೆ ಕೊಲೆ ಬೆದರಿಕೆಗಳೂ ಬಂದವು. ಪೊಲೀಸ್ ಕಾವಲು ಬೇಕಾಯಿತು. ಬರೀ ಒಂದು ಕಿಲೋಮೀಟರ್ ಅಂಗಡಿಬೀದಿಗಾಗಿ!

ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಗದ್ದಲ ತಣ್ಣಗಾಯಿತು. ಜನ ಬಂದರು, ಅಂಗಡಿಗಳೂ ಮುಚ್ಚಲಿಲ್ಲ. 1964ರಲ್ಲಿ ವ್ಯವಸ್ಥೆಯನ್ನು ಕಾಯಂಗೊಳಿಸಲಾಯಿತು. ಸರಕು ತರುವ ಗಾಡಿಗಳಿಗೆ ಬೆಳಗಿನ ಹೊತ್ತು ಬಿಟ್ಟುಕೊಟ್ಟರು. ಅಡ್ಡಬೀದಿಗಳಲ್ಲಿ ವಾಹನಗಳು ಹಾಯುವುದು ತಪ್ಪಲಿಲ್ಲ. ಜಗತ್ತಿಗೆಲ್ಲ ಸೈಕಲ್ಲಿನ ರಾಜಧಾನಿಯೆಂದು ಹೆಸರಾದ ನಗರದ ಈ ಬೀದಿಯಲ್ಲಿ ಸೈಕಲ್ ಸವಾರರೂ ಇಳಿದು ತಳ್ಳಿಕೊಂಡೇ ಹೋಗಬೇಕು ಎಂಬುದು ಸೋಜಿಗದ ಸಂಗತಿ.

ಇಷ್ಟೇ ಆಗಿದ್ದರೆ ಸ್ಟ್ರೋಯೆಟ್ ಯೂರೋಪಿನ ಹಲವು ಬೀದಿಗಳಲ್ಲಿ ಒಂದಾಗಿ ಉಳಿಯುತ್ತಿತ್ತು. ಯುದ್ಧದಲ್ಲಿ ನೆಲಸಮವಾದ ನೆದರ್‌ಲೆಂಡಿನ ರಾಟರ್‌ಡ್ಯಾಮ್ ಮತ್ತು ಜರ್ಮನಿಯ ಕಾಸೆಲ್ ನಗರಗಳು 1953ರಲ್ಲೇ ಕಾಲ್ನಡಿಗೆಯವರಿಗೆಂದು ಹೊಸ ಅಂಗಡಿಬೀದಿಗಳನ್ನು ಕಟ್ಟಿಕೊಂಡಿದ್ದವು. ಸ್ಟ್ರೋಯೆಟ್‌ಗೆ ಬೇರೆಯದೇ ಸ್ಥಾನ ಸಿಕ್ಕಿದ್ದು ಅಲ್ಲಿ ಒಬ್ಬ ವಾಸ್ತುಶಿಲ್ಪಿ ಕಾಗದ, ಪೆನ್ಸಿಲ್ ಹಿಡಿದು ಕುಳಿತದ್ದರಿಂದ.

ಆತನ ಹೆಸರು ಯಾನ್ ಗೇಲ್. 1936ರಲ್ಲಿ ಹುಟ್ಟಿದ ಗೇಲ್ 1960ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದರು. ಎತ್ತರದ ಕಟ್ಟಡ, ಅಗಲದ ಹುಲ್ಲುಹಾಸು, ಎಲ್ಲೆಡೆ ಕಾರಿಗೆ ಜಾಗ ಎಂಬುದೇ ಆಗಿನ ಪಾಠ. ಪತ್ನಿ ಇಂಗ್ರಿಡ್ ಮನಶ್ಶಾಸ್ತ್ರ ಕಲಿತವರು. ನಿಮ್ಮ ವಾಸ್ತುಶಿಲ್ಪಿಗಳಿಗೆ ಮನುಷ್ಯರಲ್ಲಿ ಯಾಕೆ ಆಸಕ್ತಿಯಿಲ್ಲ ಎಂದು ಆಕೆ ಕೇಳುತ್ತಿದ್ದ ಪ್ರಶ್ನೆಯೇ ತಮ್ಮ ದಾರಿ ಬದಲಿಸಿತೆಂದು ಗೇಲ್ ಹಲವು ಸಲ ಹೇಳಿದ್ದಾರೆ. 1965ರಲ್ಲಿ ದಂಪತಿ ಇಟಲಿಗೆ ಹೋಗಿ ಅಲ್ಲಿನ ಚೌಕಗಳಲ್ಲಿ ಜನ ಹೇಗೆ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ತಿಂಗಳುಗಟ್ಟಲೆ ನೋಡಿದರು. ಮರಳಿ ಬಂದ ಮೇಲೆ ಅದೇ ಕಣ್ಣಿನಿಂದ ಸ್ಟ್ರೋಯೆಟ್ಟನ್ನು ನೋಡಿದರು. ಅಲ್ಲಿಯವರೆಗೆ ನಗರಸಭೆಗಳು ಕಾರುಗಳನ್ನು ಎಣಿಸುತ್ತಿದ್ದವು. ನಡೆಯುವವರನ್ನು, ನಿಂತವರನ್ನು, ಕುಳಿತವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಣಿಸದ ಮಂದಿ ನಗರದ ಯೋಜನೆಯೊಳಗೆ ಬರುವುದು ಹೇಗೆ?

ಈ ಎಣಿಕೆಯಿಂದ ಹೊರಬಿದ್ದ ಸಂಗತಿಗಳು ಅಂಗಡಿಕಾರನಿಗೆ ಬಾಯಿಪಾಠ ಇರಬೇಕಾದಂಥವು. ಬ್ಯಾಂಕು, ಕಚೇರಿಗಳ ಮುಂದೆ ಯಾರೂ ನಿಲ್ಲುವುದಿಲ್ಲ. ಜನ ಹೆಜ್ಜೆ ಚುರುಕುಗೊಳಿಸಿ ದಾಟಿಹೋಗುತ್ತಾರೆ. ಆಟಿಕೆ ಅಂಗಡಿ, ಪತ್ರಿಕೆ ಮಾರುವ ಗೂಡಂಗಡಿ, ಚಿತ್ರಮಂದಿರದ ಪೋಸ್ಟರುಗಳ ಮುಂದೆ ನಿಲ್ಲುತ್ತಾರೆ. ಇವೆಲ್ಲಕ್ಕಿಂತ ಹೆಚ್ಚು ಮಂದಿ ನಿಲ್ಲುವುದು ಇತರ ಜನರನ್ನು ನೋಡಲು. ಬೀದಿಯಲ್ಲಿ ವಾದ್ಯ ನುಡಿಸುವವನ ಸುತ್ತ, ಕೆಲಸ ಮಾಡುತ್ತಿರುವವರ ಸುತ್ತ ಗುಂಪು ಕೂಡುತ್ತದೆ. ಜನರ ಓಡಾಟದ ಕಡೆಗೆ ಮುಖ ಮಾಡಿದ ಬೆಂಚು ತುಂಬಿರುತ್ತದೆ, ಬೆನ್ನು ಮಾಡಿದ್ದು ಖಾಲಿ. ನಮ್ಮ ಹಳ್ಳಿಯ ಅರಳಿಕಟ್ಟೆಯ ಮೇಲೆ ಕೂರುವ ಯಾರೂ ಇದನ್ನು ಒಪ್ಪುತ್ತಾರೆ. ಆದರೆ ಅಂಕಿಅಂಶವಾಗಿ ಬರೆದಿಟ್ಟಾಗ ಮಾತ್ರ ನಗರಸಭೆ ನಂಬುತ್ತದೆ. ಈ ಅವಲೋಕನಗಳೇ 1971ರಲ್ಲಿ ‘ಕಟ್ಟಡಗಳ ನಡುವಣ ಬದುಕು’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾಗಿ ಬಂದವು.

ಆಮೇಲೆ ಕೋಪನ್‌ಹೇಗನ್ ಒಂದೊಂದೇ ಬೀದಿಯನ್ನು, ಅವಸರವಿಲ್ಲದೆ, ನಡೆಯುವವರಿಗೆ ಬಿಟ್ಟುಕೊಟ್ಟಿತು. 1968ರಲ್ಲಿ ಫಿಯೋಲ್‌ಸ್ಟ್ರೇಡೆ, 1973ರಲ್ಲಿ ಕ್ಯೋಬ್‌ಮಾಗರ್‌ಗೇಡೆ, 1980ರಲ್ಲಿ ಹಳೆಯ ಬಂದರಿನ ನ್ಯುಹಾವ್ನ್. 1973ರ ತೈಲ ಬಿಕ್ಕಟ್ಟಿನಲ್ಲಿ ಡೆನ್ಮಾರ್ಕ್ ಇಡೀ ದೇಶದಲ್ಲಿ ಕಾರಿಲ್ಲದ ಭಾನುವಾರಗಳನ್ನು ಆಚರಿಸಿದ್ದೂ ಜನರ ಮನಸ್ಸನ್ನು ಸಡಿಲಿಸಿತು. 1962ರಲ್ಲಿ ಸುಮಾರು 15,800 ಚದರ ಮೀಟರ್, ಅಂದರೆ ನಾಲ್ಕು ಎಕರೆಗೂ ತುಸು ಕಡಿಮೆಯಿದ್ದ ಕಾಲ್ನಡಿಗೆಯ ಜಾಗ ಶತಮಾನದ ಕೊನೆಗೆ ಸುಮಾರು ಒಂದು ಲಕ್ಷ ಚದರ ಮೀಟರ್ ಆಯಿತು. ನಗರದೊಳಗೆ ಕಾರು ನಿಲ್ಲಿಸುವ ಜಾಗವನ್ನು ವರ್ಷಕ್ಕೆ ನೂರಕ್ಕೆ ಎರಡು ಮೂರರಂತೆ ಸದ್ದಿಲ್ಲದೆ ಕಡಿಮೆ ಮಾಡುತ್ತ ಬಂದರು. ಒಮ್ಮೆಗೇ ಕಿತ್ತುಕೊಂಡಿದ್ದರೆ ದಂಗೆಯೇ ಏಳುತ್ತಿತ್ತೇನೋ.

ಹಾಗಾದರೆ ಅಂಗಡಿಕಾರರ ಭಯ ಪೂರ್ತಿ ಸುಳ್ಳಾಯಿತೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಬೀದಿಗೆ ಗಿರಾಕಿ ಬಂದ ನಿಜ. ಗಿರಾಕಿ ಬಂದಲ್ಲಿಗೆ ಬಾಡಿಗೆಯೂ ಏರಿತು. ಸ್ಟ್ರೋಯೆಟ್ ಇಂದು ಡೆನ್ಮಾರ್ಕಿನಲ್ಲೇ ಅತಿ ದುಬಾರಿ ಅಂಗಡಿ ಜಾಗಗಳಲ್ಲೊಂದು. ಜಗತ್ತಿನ ಎಲ್ಲ ದೊಡ್ಡ ನಗರಗಳಲ್ಲೂ ಕಾಣುವ ಅದದೇ ಬಟ್ಟೆ ಮಳಿಗೆಗಳು, ಪ್ರವಾಸಿಗರಿಗೆ ನೆನಪಿನ ಸಾಮಾನು ಮಾರುವ ಅಂಗಡಿಗಳು ಅಲ್ಲಿ ತುಂಬಿವೆ. ಊರಿನವರ ನಿತ್ಯದ ಅಗತ್ಯಕ್ಕಿದ್ದ ಸಣ್ಣ ಅಂಗಡಿಗಳು ಪಕ್ಕದ ಬೀದಿಗಳಿಗೆ ಸರಿದವು, ಇಲ್ಲವೇ ಕಣ್ಮರೆಯಾದವು. ಹೀಗಾಗಿ ಬೀದಿಯ ವ್ಯಾಪಾರ ಗೆದ್ದಾಗ ಬೀದಿಯ ಎಲ್ಲ ವ್ಯಾಪಾರಿಗಳೂ ಗೆದ್ದಂತಾಗಲಿಲ್ಲ. ಸ್ವಂತ ಕಟ್ಟಡದವನಿಗೂ ಬಾಡಿಗೆ ಅಂಗಡಿಯವನಿಗೂ ಒಂದೇ ಫಲ ಸಿಗುವುದಿಲ್ಲ ಎಂಬ ಅಂಶ ಇಂತಹ ಚರ್ಚೆಗಳಲ್ಲಿ ಹೆಚ್ಚಾಗಿ ಮಾತಿಗೇ ಬರುವುದಿಲ್ಲ. ವಿರೋಧಿಸುವವರು ಕಾರು ನಿಲ್ಲಿಸುವ ಜಾಗದ ಬಗ್ಗೆ ಕೂಗಾಡುತ್ತಾರೆ, ಬೆಂಬಲಿಸುವವರು ಗಾಳಿ, ಮರ, ಬೆಂಚುಗಳ ಬಗ್ಗೆ ಹೇಳುತ್ತಾರೆ. ಬಾಡಿಗೆ ಕರಾರಿನ ಕಾಗದ ಬೀರುವಿನಲ್ಲೇ ಉಳಿಯುತ್ತದೆ.

ಇನ್ನೊಂದು ಆಕ್ಷೇಪ ಎಲ್ಲ ಕಡೆಯೂ ಕೇಳುವಂಥದು: ಇಲ್ಲಿ ತಡೆದ ವಾಹನಗಳು ಪಕ್ಕದ ಬೀದಿಗಳನ್ನು ಉಸಿರುಗಟ್ಟಿಸುವುದಿಲ್ಲವೇ? ಇದಕ್ಕೆ ನ್ಯೂಯಾರ್ಕಿನ ವಾಷಿಂಗ್ಟನ್ ಚೌಕದಲ್ಲಿ ಒಂದು ಪರೀಕ್ಷೆ ನಡೆದಿತ್ತು. ಅಲ್ಲಿನ ಉದ್ಯಾನದ ನಡುವೆಯೇ ವಾಹನಗಳು ಹಾಯುತ್ತಿದ್ದವು. ನಗರದಲ್ಲಿ ಹೆದ್ದಾರಿಗಳ ಸರದಾರನೆನಿಸಿದ್ದ ರಾಬರ್ಟ್ ಮೋಸೆಸ್ ಆ ದಾರಿಯನ್ನು ಇನ್ನೂ ಅಗಲಗೊಳಿಸಲು ಹೊರಟಾಗ, ಶರ್ಲಿ ಹೇಯ್ಸ್ ಎಂಬ ಗೃಹಿಣಿ ಮೊದಲಿಗೆ ದನಿಯೆತ್ತಿದರು. ಪತ್ರಕರ್ತೆ ಜೇನ್ ಜೇಕಬ್ಸ್ ಜೊತೆಗೂಡಿದರು. ಇದನ್ನು ವಿರೋಧಿಸುತ್ತಿರುವುದು ಒಂದಷ್ಟು ತಾಯಂದಿರ ಗುಂಪು ಮಾತ್ರ ಎಂದು ಮೋಸೆಸ್ ಸಿಡುಕಿದ್ದನ್ನು ಜೇಕಬ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ. 1958ರಲ್ಲಿ ಪರೀಕ್ಷಾರ್ಥವಾಗಿ ದಾರಿ ಮುಚ್ಚಿ ನೋಡಿದರೆ ಸುತ್ತಲ ಬೀದಿಗಳಲ್ಲಿ ವಾಹನಗಳು ಹೆಚ್ಚಲೇ ಇಲ್ಲ. ದಾರಿ ಶಾಶ್ವತವಾಗಿ ಮುಚ್ಚಿತು.

ವಾಹನ ನೀರಲ್ಲ, ತಡೆದರೆ ಅಷ್ಟೂ ಪಕ್ಕಕ್ಕೆ ಹರಿಯಲು. ಅದನ್ನು ಓಡಿಸುವವನು ಹೊತ್ತು ಬದಲಿಸುತ್ತಾನೆ, ದೂರದ ಸುತ್ತುದಾರಿ ಹಿಡಿಯುತ್ತಾನೆ, ಬಸ್ಸು ಹತ್ತುತ್ತಾನೆ, ಇಲ್ಲವೇ ಎರಡು ಕೆಲಸ ಒಂದೇ ಸುತ್ತಿನಲ್ಲಿ ಮುಗಿಸುತ್ತಾನೆ. ಬ್ರಿಟನ್ನಿನ ಸಂಶೋಧಕರು 1998ರಲ್ಲಿ ಬೇರೆ ಬೇರೆ ದೇಶಗಳ ಅರುವತ್ತರಷ್ಟು ಇಂತಹ ಪ್ರಸಂಗಗಳನ್ನು ಒಟ್ಟು ಮಾಡಿ ನೋಡಿ, ಮೊದಲಿದ್ದ ವಾಹನಗಳಲ್ಲಿ ಒಂದಷ್ಟು ಪಾಲು ಎಲ್ಲಿಯೂ ಮತ್ತೆ ಕಾಣಿಸದಿರುವುದನ್ನು ಗುರುತಿಸಿದರು. ಎಲ್ಲ ಊರಿನಲ್ಲೂ ಹೀಗೆಯೇ ಆಗಲಿಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಹತ್ತಲು ಬಸ್ಸೋ ರೈಲೋ ಇಲ್ಲದ ಊರಿನಲ್ಲಿ ಓಡಿಸುವವನಿಗೆ ಆಯ್ಕೆಯೂ ಕಡಿಮೆ. ಕೋಪನ್‌ಹೇಗನ್ನಿಗೆ 1934ರಿಂದಲೇ ಉಪನಗರ ವಿದ್ಯುತ್ ರೈಲು ಇತ್ತು ಎಂಬುದನ್ನು ಮರೆಯುವಂತಿಲ್ಲ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಈ ವಾದ ಕಾಲಿಟ್ಟಾಗ 2011ರ ಅಕ್ಟೋಬರಿನಲ್ಲೇ ಆರಂಭವಾಗಿದ್ದ ಮೆಟ್ರೊ ರೈಲಿನ ಎಂ.ಜಿ. ರಸ್ತೆ ನಿಲ್ದಾಣ ಕೂಗಳತೆಯಲ್ಲಿತ್ತು. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಮುಕ್ಕಾಲು ಕಿಲೋಮೀಟರಿನಷ್ಟಿರುವ ಈ ಬೀದಿ ಹಳೆಯ ಪುಸ್ತಕದ ಅಂಗಡಿಗಳಿಗೆ, 2009ರಲ್ಲಿ ಎಂ.ಜಿ. ರಸ್ತೆಯಿಂದ ಇಲ್ಲಿಗೆ ಬಂದ ಇಂಡಿಯಾ ಕಾಫಿ ಹೌಸಿಗೆ ಹೆಸರುವಾಸಿ. 2018ರ ಮಾರ್ಚ್‌ನಲ್ಲಿ ಕಲ್ಲು ಹಾಸಿ, ಕಾಲುದಾರಿ ಅಗಲಿಸಿ ಹೊಸದಾಗಿ ತೆರೆದರು. 2020ರ ನವೆಂಬರ್ 7ರಿಂದ ಶನಿವಾರ, ಭಾನುವಾರಗಳಂದು ಮೋಟಾರುಗಳನ್ನು ತಡೆಯುವ ಪ್ರಯೋಗವನ್ನು ನಗರ ಭೂಸಾರಿಗೆ ನಿರ್ದೇಶನಾಲಯ ಆರಂಭಿಸಿತು. ಗಾಳಿಯ ಗುಣಮಟ್ಟ ಅಳೆಯಲು ಭಾರತೀಯ ವಿಜ್ಞಾನ ಸಂಸ್ಥೆಯವರು ಕೈಜೋಡಿಸಿದರು.

ಜನ ಬಂದರು, ಚಿತ್ರ ತೆಗೆಸಿಕೊಂಡರು, ಮಕ್ಕಳು ಬೀದಿಯ ನಡುವೆ ಓಡಿದರು. ಅಳೆದು ನೋಡಿದಾಗ ಆ ದಿನಗಳ ಗಾಳಿಯೂ ಹಸನಾಗಿತ್ತು. ತಿಂಡಿ, ಕಾಫಿಯ ಅಂಗಡಿಗೆ ಅಡ್ಡಾಡುವ ಜನವೇ ಗಿರಾಕಿ. ಭಾರದ ಸಾಮಾನು ಮಾರುವವನಿಗೆ ಹಾಗಲ್ಲ. ವಾಹನ ಎಲ್ಲಿ ನಿಲ್ಲಿಸುವುದು ಎಂಬ ಗೊಣಗಾಟ ಇಲ್ಲಿಯೂ ತಪ್ಪಲಿಲ್ಲ. ಆದರೆ ವಾರಕ್ಕೆರಡೇ ದಿನ, ಒಟ್ಟು ನಾಲ್ಕು ತಿಂಗಳು; ಅದೂ ಕೊರೊನಾ ಸೋಂಕಿನಿಂದ ವ್ಯಾಪಾರವೆಲ್ಲ ಏರುಪೇರಾಗಿದ್ದ ಕಾಲ. ಲಾಭ ನಷ್ಟದಲ್ಲಿ ಎಷ್ಟು ಭಾಗ ಬೀದಿ ಮುಚ್ಚಿದ್ದಕ್ಕೆ, ಎಷ್ಟು ಭಾಗ ಸೋಂಕಿಗೆ ಎಂದು ಯಾವ ಅಂಗಡಿಕಾರ ತಾನೇ ಬಿಡಿಸಿ ಹೇಳಿಯಾನು? 2021ರ ಫೆಬ್ರವರಿ ಮುಗಿಯುತ್ತಲೇ ಶನಿವಾರ, ಭಾನುವಾರಗಳಂದೂ ವಾಹನಗಳು ಮರಳಿದವು.

ಎರಡು ವರ್ಷಗಳ ಬಳಿಕ ಗಾಂಧಿಬಜಾರಿನ ಮುಖ್ಯರಸ್ತೆಯನ್ನು ನಡೆಯುವವರಿಗೆ ಹಸನುಗೊಳಿಸುವ ಕಾಮಗಾರಿ ಆರಂಭವಾದಾಗ ಅಲ್ಲಿನ ವ್ಯಾಪಾರಿಗಳೂ ಬೀದಿಗಿಳಿದು ವಿರೋಧಿಸಿದರು. ವರಮಹಾಲಕ್ಷ್ಮಿಗೆ, ಗೌರಿಗಣೇಶನಿಗೆ ಹೂವು ಹಣ್ಣು ಕೊಳ್ಳಲು ನಗರದ ನಾನಾ ಮೂಲೆಗಳಿಂದ ಜನ ಬರುವ ಪೇಟೆ ಅದು. ಅಂಗಡಿಗಳ ಮುಂದೆ ಕಾಲುದಾರಿಯಲ್ಲೇ ಬುಟ್ಟಿ ಇಟ್ಟು ಮಾರುವವರೂ ಅಲ್ಲಿದ್ದಾರೆ. ಸೇವಂತಿಗೆಯ ಮಾರು ಕಟ್ಟುವ ಹೆಂಗಸಿನ ಮುಂದೆ ಎಷ್ಟು ಜನ ನಿಲ್ಲುತ್ತಾರೆ, ಅವರಲ್ಲಿ ನಡೆದು ಬಂದವರೆಷ್ಟು, ಸ್ಕೂಟರಿನಿಂದ ಇಳಿಯದೆ ಚೌಕಾಸಿ ಮಾಡಿದವರೆಷ್ಟು ಎಂಬುದನ್ನು ಎಣಿಸಲು ಒಂದು ಹಬ್ಬದ ವಾರ, ನಾಲ್ಕು ಜನ, ನಾಲ್ಕು ಪೆನ್ಸಿಲ್ ಸಾಕು.